ಆಯ್ದಕ್ಕಿ ದಂಪತಿಗಳ ಪ್ರಸಂಗ: ಶೂನ್ಯಸಂಪಾದನೆಯಲ್ಲಿ ಕಲಿಕೆಯ ಸ್ವರೂಪ

ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾನದಿಯ ದಡದಲ್ಲಿ, ಗೂಗಲ್ ಎಂಬ ಗ್ರಾಮವಿದೆ. ಅಲ್ಲಿ ಅಲ್ಲಮಪ್ರಭುದೇವರ ದೇವಾಲಯವುಂಟು. ಲೋಕದ ಮಾಹಿತಿಯನ್ನೆಲ್ಲ ಎವೆಯಿಕ್ಕುವಷ್ಟರಲ್ಲಿ ಮುಂದಿಡುವ ಅಮೆರಿಕದ ಸಂಸ್ಥೆಯೊಂದರ ಹೆಸರು ಉಚ್ಚಾರದಲ್ಲಿ ಈ ಊರಿನ ಹೆಸರನ್ನೇ ಹೋಲುವುದರಿಂದ ಈಚಿನ ವರ್ಷಗಳಲ್ಲಿ ಅದು ವಿನೋದಕ್ಕೆ ವಸ್ತುವಾಗಿದೆ. ವಿನೋದವನ್ನು ಬದಿಗಿರಿಸಿದರೂ ಈ ಹೋಲಿಕೆಯಲ್ಲಿ ವಿಚಾರಕ್ಕೆ ಎಡೆಯಿದೆ. ಆ ಗೂಗಲ್ಲು ಪ್ರಶ್ನೆ ಮುಗಿಯುವ ಮುನ್ನವೇ ಉತ್ತರವನ್ನು ಕೊಡುತ್ತದೆ. ಈ ಗೂಗಲ್ಲಿನಲ್ಲಿ ಪೂಜೆಗೊಳ್ಳುವ ಪ್ರಭುದೇವರಾದರೋ, ಶೂನ್ಯಸಂಪಾದನೆಯು ಚಿತ್ರಿಸಿರುವಂತೆ, ಉತ್ತರವನ್ನರಸಿ ಬಂದವನಿಗೆ ಅವನ ಪ್ರಶ್ನೆಯನ್ನೇ ತಿರುಗಿಸಿ ಕೊಡುತ್ತಾರೆ.

ಇದೇ ಜಿಲ್ಲೆಯ ಲಿಂಗಸೂಗೂರು ತಾಲೂಕಿನಲ್ಲಿ, ಗುರುಗುಂಟಾದ ಬಳಿ, ಅಮರೇಶ್ವರ ಕ್ಷೇತ್ರವಿದೆ. ಆಯ್ದಕ್ಕಿ ಮಾರಯ್ಯನೂ ಅವನ ಸತಿ ಲಕ್ಕಮ್ಮನೂ ಇಲ್ಲಿಂದ ಕಲ್ಯಾಣಕ್ಕೆ ಹೋದವರೆಂದು ಪರಂಪರೆ ಹೇಳುತ್ತದೆ. ಇಬ್ಬರ ಅಂಕಿತದಲ್ಲಿಯೂ ತವರೂರಿನ ದೈವದ ಹೆಸರಿದೆ. ಲಕ್ಕಮ್ಮನ ಅಂಕಿತದಲ್ಲಿ ಪತಿಯ ಹೆಸರೂ ಕೂಡಿಕೊಂಡಿದೆ. ಊರನ್ನು ಬಿಟ್ಟು ದುಡಿಮೆಗೆಂದು ದೂರದ ಪಟ್ಟಣಕ್ಕೆ ಹೋದವರು ಊರಿನ ಹೆಸರನ್ನು ನಾಲಗೆಯ ಮೇಲೆ ಉಳಿಸಿಕೊಂಡ ಪರಿ ಇದು. ದೇವದುರ್ಗ, ಮಾನ್ವಿ, ಲಿಂಗಸೂಗೂರುಗಳಿಂದ ಪ್ರತಿವರ್ಷ ಬೆಂಗಳೂರಿಗೂ ಹೈದರಾಬಾದಿಗೂ ಗುಳೆ ಹೋಗುವ ಕುಟುಂಬಗಳನ್ನು ಬಲ್ಲವರಿಗೆ ಈ ದಂಪತಿಗಳ ಕಥೆ ಹನ್ನೆರಡನೆಯ ಶತಮಾನದಷ್ಟು ದೂರದ್ದೆಂದು ತೋರಲಾರದು.

ಪ್ರಭುದೇವರೂ ಈ ದಂಪತಿಗಳೂ ಎದುರುಬದುರಾಗುವ ಪ್ರಸಂಗವೊಂದು ಶೂನ್ಯಸಂಪಾದನೆಯಲ್ಲಿ ಇದೆ. ಅದನ್ನು ಕಾಯಕತತ್ತ್ವದ ನಿದರ್ಶನವೆಂದು ಓದುವುದು ವಾಡಿಕೆ. ಕಲಿಕೆಯ ಸ್ವರೂಪವನ್ನು ಕುರಿತ ಚಿಂತನೆಯೆಂದು ಅದನ್ನು ಓದಿದರೆ ದೊರೆಯುವ ಅರ್ಥ ಹೆಚ್ಚು ಗಹನವಾದದ್ದು, ಈ ಕಾಲಕ್ಕೆ ಹೆಚ್ಚು ಅವಶ್ಯವಾದದ್ದು.

ಈ ಕಾಲವನ್ನು ‘ಜ್ಞಾನಾಧಾರಿತ ಸಮಾಜ’ದ ಕಾಲವೆಂದು ಕರೆಯುವುದು ರೂಢಿಗೆ ಬಂದಿದೆ. ಈ ಪರಿಭಾಷೆಗೆ ಬಹುಮಟ್ಟಿಗೆ ಪ್ರಚಾರ ಒದಗಿಸಿದವನು ಪೀಟರ್ ಡ್ರಕ್ಕರ್. 1969ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಭೂಮಿ ಮತ್ತು ಯಂತ್ರಗಳಿಗಿಂತ ಜ್ಞಾನವೇ ಸಂಪತ್ತಿನ ಮುಖ್ಯ ಮೂಲವಾಗಲಿದೆಯೆಂದು ವಾದಿಸಿದನು. ಮೂರು ವರ್ಷಗಳ ತರುವಾಯ, 1972ರಲ್ಲಿ, ಎಡ್ಗರ್ ಫೋರ್ ಅವರ ಅಧ್ಯಕ್ಷತೆಯಲ್ಲಿ ಯುನೆಸ್ಕೋ ನೇಮಿಸಿದ್ದ ಆಯೋಗವು ಶಿಕ್ಷಣವೆಂಬುದು ಬಾಲ್ಯಕ್ಕೆ ಮಾತ್ರ ಸೀಮಿತವಾಗದೆ ಆಜೀವಪರ್ಯಂತ ನಡೆಯತಕ್ಕದ್ದೆಂದು ಸಾರಿತು. 1996ರ ಜಾಕ್ ಡೆಲೊರ್ ಆಯೋಗದ ವರದಿಗೆ ‘ಕಲಿಕೆ: ಒಳಗಿರುವ ನಿಧಿ’ ಎಂಬರ್ಥದ ಹೆಸರಿದೆ. ಈ ಹೆಸರು ಬಂದದ್ದು ಫ್ರೆಂಚ್ ಕವಿ ಲಾ ಫೊಂತೇನನ ಒಂದು ನೀತಿಕಥೆಯಿಂದ. ಸಾಯುವ ಮುನ್ನ ಒಕ್ಕಲಿಗನೊಬ್ಬನು ಹೊಲದಲ್ಲಿ ನಿಧಿ ಹೂತಿದೆಯೆಂದು ಮಕ್ಕಳಿಗೆ ಹೇಳುತ್ತಾನೆ. ಮಕ್ಕಳು ಹೊಲವನ್ನೆಲ್ಲ ಅಗೆಯುತ್ತಾರೆ. ನಿಧಿ ಸಿಕ್ಕುವುದಿಲ್ಲ, ಆದರೆ ಬೆಳೆ ಹುಲುಸಾಗುತ್ತದೆ. ಭಾರತದಲ್ಲಿ 2005ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಜ್ಞಾನ ಆಯೋಗವೂ, ಕರ್ನಾಟಕದಲ್ಲಿ 2008ರಲ್ಲಿ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಜ್ಞಾನ ಆಯೋಗವೂ ಸ್ಥಾಪಿತವಾದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಯಸ್ಕರ ಶಿಕ್ಷಣಕ್ಕೂ ಆಜೀವ ಕಲಿಕೆಗೂ ಪ್ರತ್ಯೇಕವಾದ ಅಧ್ಯಾಯವೇ ಇದೆ.

ಈ ಆಯೋಗಗಳ ಭಾಷೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಎರಡು ದನಿಗಳು ಕೇಳಿಬರುತ್ತವೆ. ಮನುಷ್ಯನು ಪೂರ್ಣನಾಗುವುದಕ್ಕೆ ಕಲಿಯುತ್ತಲೇ ಇರಬೇಕೆಂಬುದು ಒಂದು ದನಿ. ಫೋರ್ ಆಯೋಗದ ವರದಿಯಲ್ಲಿ ಇದು ಸ್ಪಷ್ಟವಾಗಿದೆ. ಕಲಿಯದಿದ್ದವನು ಕೆಲಸವನ್ನು ಕಳೆದುಕೊಂಡಾನೆಂಬುದು ಇನ್ನೊಂದು ದನಿ. ದಿನ ಕಳೆದಂತೆ ಎರಡನೆಯದೇ ಗಟ್ಟಿಯಾಗುತ್ತ ಬಂದಿದೆ. ಕಲಿಕೆಯು ಆಸೆಯಿಂದಲೋ ಭಯದಿಂದಲೋ ನಡೆಯುವ ವ್ಯವಹಾರವಾದಾಗ ಅದು ಎಷ್ಟು ದೀರ್ಘಕಾಲ ನಡೆದರೂ ಅದರಿಂದ ಮನುಷ್ಯನು ಬೆಳೆಯುವನೇ ಎಂಬುದು ವಿಚಾರಾರ್ಹ.

ಈ ಪ್ರಶ್ನೆಯನ್ನು ದೇವದುರ್ಗದ ನೆಲದಲ್ಲಿ ನಿಂತು ಕೇಳಿಕೊಳ್ಳುವುದಕ್ಕೆ ವಿಶೇಷ ಕಾರಣವಿದೆ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಪುರುಷರಲ್ಲಿ ಶೇ. 70.47, ಸ್ತ್ರೀಯರಲ್ಲಿ ಶೇ. 48.73. ಏಳು ವರ್ಷ ದಾಟಿದ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದುಬರಹ ಬಾರದೆಂದು ಇದರ ತಾತ್ಪರ್ಯ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ ದೇವದುರ್ಗವೂ ಒಂದು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಸೀಮೆಗೂ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಸೀಮೆಗೂ ನೀರನ್ನು ತಂದಿವೆ. ಜೋಳದ ನಾಡಿನಲ್ಲಿ ಭತ್ತ ಬೆಳೆದಿದೆ. ಆದರೂ ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ಶಾಲೆಯ ಹಾಜರಿಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಇಂಥಲ್ಲಿ ‘ಜ್ಞಾನಾಧಾರಿತ ಸಮಾಜ’ವೆಂಬ ಮಾತಿಗೆ ಅರ್ಥವೇನು? ಕೈಯಿಂದ ದುಡಿಯುವವರಿಗೆ ಅದರಲ್ಲಿ ಸ್ಥಾನವೆಲ್ಲಿ? ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಓದಬೇಕು.

ಮೊದಲು ಗ್ರಂಥದ ಸ್ವರೂಪವನ್ನು ಕುರಿತು ಒಂದೆರಡು ಮಾತು. ಶೂನ್ಯಸಂಪಾದನೆಯು ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಹದಿನೈದನೆಯ ಶತಮಾನದಲ್ಲಿ ಸಿದ್ಧಪಡಿಸಿದ ಕೃತಿ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗ. ಅವನ ತರುವಾಯ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರ ಕೃತಿಯನ್ನು ಇನ್ನೊಬ್ಬರು ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗಗಳಲ್ಲಿ ಇವರ ನಡುವೆ ಅಭಿಪ್ರಾಯಭೇದವಿದ್ದುದು ವಿದ್ವಾಂಸರಿಗೆ ತಿಳಿದೇ ಇದೆ. ಹಿಂದಿನವನ ಗ್ರಂಥವನ್ನು ಗೌರವದಿಂದ ತಲೆಯ ಮೇಲಿಟ್ಟುಕೊಂಡು ಸುಮ್ಮನಾಗದೆ ತಿದ್ದಿ ಮುಂದುವರಿಸಿದ ಈ ಪರಂಪರೆ ತಾನೇ ಕಲಿಕೆಯ ಒಂದು ಮಾದರಿ. ಗೂಳೂರು ಸಿದ್ಧವೀರಣ್ಣನ ಪಾಠವನ್ನು 1930ರಲ್ಲಿ ಅಚ್ಚಿಗೆ ತಂದವರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು, ತಾಳೆಯೋಲೆಗಳ ಅಭ್ಯಾಸಕ್ಕೆ ಅವರನ್ನು ಯಾವ ವಿಶ್ವವಿದ್ಯಾಲಯವೂ ಸಿದ್ಧಪಡಿಸಿರಲಿಲ್ಲ. ವಕೀಲಿಯ ನಡುವೆ ತಾವೇ ಕಲಿತು, ಕೊನೆಗೆ ಕಲಿತದ್ದಕ್ಕಾಗಿಯೇ ಬಾಳನ್ನು ಸವೆಸಿದರು. ತರುವಾಯ 1958ರಲ್ಲಿ ಸಂ. ಶಿ. ಭೂಸನೂರಮಠ ಅವರ ಸಂಪಾದನೆ ಬಂದಿತು.

ಅನುಭವಮಂಟಪವನ್ನು ಜಗತ್ತಿನ ಮೊದಲ ವಿಶ್ವವಿದ್ಯಾಲಯವೆಂದೋ ಮೊದಲ ಸಂಸತ್ತೆಂದೋ ವೇದಿಕೆಗಳಲ್ಲಿ ಹೊಗಳುವುದುಂಟು. ಭಕ್ತಿಯಿಂದ ಆಡಿದ ಮಾತಾದರೂ ಇದು ಗ್ರಂಥಕ್ಕೆ ನ್ಯಾಯ ಒದಗಿಸುವ ಮಾತಲ್ಲ. ಆ ಕಾಲದ ವಿದ್ಯಾಕೇಂದ್ರಗಳು ಹೇಗಿದ್ದವೆಂಬುದಕ್ಕೆ ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ. ಶ. 1058ರ ಶಾಸನ ಸಾಕ್ಷಿ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳಿದ್ದರು; ಪುಸ್ತಕಗಳನ್ನು ನೋಡಿಕೊಳ್ಳುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು; ಭೂದಾನ ಹಾಗೂ ಗ್ರಾಸದ ವ್ಯವಸ್ಥೆ ಇತ್ತು. ವಿದ್ಯೆಗೆ ಅಷ್ಟು ಮರ್ಯಾದೆ ಸಲ್ಲುತ್ತಿದ್ದ ನಾಡಿನಲ್ಲಿ, ಹಗ್ಗ ಹೊಸೆಯುವವನು, ಸೌದೆ ಮಾರುವವನು, ಚೆಲ್ಲಿದ ಅಕ್ಕಿ ಆಯುವವನು ಆ ವ್ಯವಸ್ಥೆಯ ಹೊರಗಿದ್ದರು. ಇವರನ್ನೇ ಪಾತ್ರಗಳನ್ನಾಗಿ ಮಾಡಿಕೊಂಡ ಶೂನ್ಯಸಂಪಾದನೆಯಲ್ಲಿ ತರಗತಿಯಿಲ್ಲ, ಅವಧಿಯಿಲ್ಲ, ಉತ್ತೀರ್ಣನಾದೆನೆಂದು ಎದ್ದುಹೋಗುವ ಶಿಷ್ಯನಿಲ್ಲ. ಚರಿತ್ರೆಯ ದೃಷ್ಟಿಯಿಂದ ಮಂಟಪದ ಸ್ವರೂಪವನ್ನು ಕುರಿತು ವಾದಗಳಿರಬಹುದು. ಹದಿನೈದನೆಯ ಶತಮಾನದ ಸಂಪಾದನಕಾರರು ಹನ್ನೆರಡನೆಯ ಶತಮಾನವನ್ನು ಹೇಗೆ ಕಲ್ಪಿಸಿಕೊಂಡರೆಂಬುದೇ ಇಲ್ಲಿ ವಿಮರ್ಶೆಗೆ ಸಾಕಾದ ವಿಷಯ.

ಅವರ ಕಲ್ಪನೆಯಲ್ಲಿ ಗುರುವಿಗೂ ಕಲಿಯುವ ಸರದಿ ಬರುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಲೋಕಮಾನ್ಯನಾಗಿದ್ದ ಸಿದ್ಧರಾಮನು ತನ್ನ ಕೀರ್ತಿಯ ನಡುವೆಯೇ ಪ್ರಭುದೇವರಿಂದ ಕಟುವಾದ ಮಾತನ್ನು ಕೇಳಬೇಕಾಗುತ್ತದೆ. ಕಲ್ಯಾಣಕ್ಕೆ ಬಂದು, ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಮರುಳಶಂಕರದೇವನ ಪ್ರಸಂಗ ಇನ್ನೂ ಮಾರ್ಮಿಕ. ಹನ್ನೆರಡು ವರ್ಷ ಮಹಾಮನೆಯಲ್ಲಿಯೇ ಇದ್ದ ಮಹಾನುಭಾವಿಯನ್ನು ಸ್ವತಃ ಬಸವಣ್ಣನವರೇ ಗುರುತಿಸಲಿಲ್ಲ. ಪ್ರಭುದೇವರು ಬಂದು ತೋರಿಸಿಕೊಡಬೇಕಾಯಿತು. ಮನೆಯ ಯಜಮಾನನಿಗೆ ಮನೆಯಲ್ಲಿದ್ದವನು ತಿಳಿಯಲಿಲ್ಲವೆಂಬ ಈ ಮಾತನ್ನು ಬಸವಣ್ಣನವರನ್ನು ದೈವವೆಂದು ಭಾವಿಸಿದ ಸಂಪಾದನಕಾರರು ಮುಚ್ಚಿಡಲಿಲ್ಲ. ಇದು ಅವರ ದೊಡ್ಡತನ.

ಇನ್ನು ಮಾರಯ್ಯನ ಪ್ರಸಂಗ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವುದು ಅವನ ಕಾಯಕ. ಜೋಳದ ರೊಟ್ಟಿಯೇ ನಿತ್ಯದ ಊಟವಾದ ನಾಡಿನಲ್ಲಿ ಅಂಗಳದ ತುಂಬ ಅಕ್ಕಿ ಚೆಲ್ಲುತ್ತಿತ್ತೆಂದರೆ ಆ ಮನೆಯ ಸಮೃದ್ಧಿಯನ್ನು ಊಹಿಸಿಕೊಳ್ಳಬಹುದು. ಒಬ್ಬರ ಸಮೃದ್ಧಿಯಲ್ಲಿ ಉದುರಿದ್ದು ಇನ್ನೊಬ್ಬರ ದಾಸೋಹಕ್ಕೆ ಮೂಲವಾಗುವ ಈ ಸನ್ನಿವೇಶವೇ ಧ್ವನಿಪೂರ್ಣವಾದದ್ದು. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಸಾರುವ ಪ್ರಸಿದ್ಧವಾದ ಮಾತು ಬಸವಣ್ಣನವರದೆಂದು ಬಹುಜನ ಭಾವಿಸಿದ್ದಾರೆ. ಗೋಡೆಗಳ ಮೇಲೆಯೂ ಹಾಗೆಯೇ ಬರೆಯಿಸಿದ್ದಾರೆ. ಅದು ದೊರೆಯುವುದು ಈ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದವನು ಗುರುಲಿಂಗಜಂಗಮದ ಹಂಗನ್ನೂ ಆ ಹೊತ್ತಿಗೆ ಮರೆಯತಕ್ಕದ್ದೆಂಬ ದಿಟ್ಟ ನಿಲುವು ಅವನದು.

ಪ್ರಭುದೇವರು ಈ ನಿಲುವನ್ನು ಹಾಗೆಯೇ ಒಪ್ಪುವವರಲ್ಲ. ಮಾಡುವ ಕ್ರಿಯೆಯ ಹಿಂದೆ ಅರಿವು ಇಲ್ಲದಿದ್ದರೆ ಕ್ರಿಯೆಯೇ ಬಂಧನವಾದೀತೆಂಬುದು ಅವರ ವಾದದ ಧೋರಣೆ. ಮಾರಯ್ಯನು ಆ ಮಾತುಗಳಲ್ಲಿ ತನ್ಮಯನಾಗುತ್ತಾನೆ. ಹೊತ್ತು ಹೋದದ್ದು ಅವನಿಗೆ ತಿಳಿಯುವುದಿಲ್ಲ. ಕಾಯಕಕ್ಕಾಗಿ ಗುರುವನ್ನೂ ಮರೆಯಬೇಕೆಂದವನು ಗುರುವಿನ ಮಾತಿನಲ್ಲಿ ಕಾಯಕವನ್ನು ಮರೆತನು. ಸಂಪಾದನಕಾರನು ಇಲ್ಲಿ ಒಂದು ಮಾತನ್ನೂ ಸೇರಿಸಿ ಹಾಸ್ಯ ಮಾಡುವುದಿಲ್ಲ. ಘಟನೆಯ ಜೋಡಣೆಯಲ್ಲಿಯೇ ವ್ಯಂಗ್ಯವನ್ನು ಇಟ್ಟಿದ್ದಾನೆ. ಆಗ ಲಕ್ಕಮ್ಮನು ಬಂದು, ಕಾಯಕ ನಿಂತುಹೋಗಿದೆಯೆಂದು ಪತಿಯನ್ನು ಎಚ್ಚರಿಸುತ್ತಾಳೆ.

ಈ ಎಚ್ಚರಿಕೆಯ ಸ್ವರೂಪವೇನು? ಜ್ಞಾನಗೋಷ್ಠಿಗಿಂತ ದುಡಿಮೆ ಮೇಲು, ಎದ್ದು ಬಾ, ಎಂಬುದಷ್ಟೇ ಅವಳ ಮಾತಿನ ಅರ್ಥವೆಂದು ಹಲವು ವ್ಯಾಖ್ಯಾನಗಳು ಹೇಳಿ ಮುಗಿಸುತ್ತವೆ. ಹಾಗೆ ಓದಿದರೆ ಲಕ್ಕಮ್ಮನು ಮನೆಯ ಅಡಿಗೆಯ ಚಿಂತೆ ಹೊತ್ತ ಗೃಹಿಣಿಯಾಗಿ ಮಾತ್ರ ಉಳಿಯುತ್ತಾಳೆ. ಪ್ರಸಂಗದ ಮುಂದಿನ ಭಾಗ ಇದಕ್ಕೆ ಅವಕಾಶ ಕೊಡುವುದಿಲ್ಲ. ಮಾರಯ್ಯನು ಅವಸರದಿಂದ ಹೋಗಿ, ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರುತ್ತಾನೆ. ತಡವಾದುದನ್ನು ತುಂಬಿಕೊಳ್ಳುವ ಆತುರ ಅದು. ಸಾಮಾನ್ಯರಾದವರು ಮೆಚ್ಚಿಕೊಳ್ಳಬಹುದಾದ ಶ್ರದ್ಧೆ. ಲಕ್ಕಮ್ಮನು ಮೆಚ್ಚುವುದಿಲ್ಲ. ಇದು ನಿನ್ನ ಮನದಿಂದ ಬಂದದ್ದೋ ಬಸವಣ್ಣನವರ ಅನುಮಾನದಿಂದ ಬಂದದ್ದೋ ಎಂದು ಕೇಳುತ್ತಾಳೆ. ಬೇಕಾದುದಕ್ಕಿಂತ ಹೆಚ್ಚಿನದರ ಆಸೆ ಅರಸರಿಗೆ ಉಂಟಾಗತಕ್ಕದ್ದು, ಶಿವಭಕ್ತರಿಗಲ್ಲವೆನ್ನುತ್ತಾಳೆ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾಳೆ.

ಈ ಒಂದು ಪ್ರಶ್ನೆಯಲ್ಲಿ ಮಂಟಪದ ಇಡೀ ಚರ್ಚೆಗೆ ಉತ್ತರವಿದೆ. ಕ್ರಿಯೆಯ ಹಿಂದೆ ಅರಿವಿರಬೇಕೆಂದು ಪ್ರಭುದೇವರು ತತ್ತ್ವದಲ್ಲಿ ಹೇಳಿದುದನ್ನು ಲಕ್ಕಮ್ಮನು ಒಂದು ಸೆರಗಿನ ಅಕ್ಕಿಯಲ್ಲಿ ಪರೀಕ್ಷಿಸಿದಳು. ಮಾರಯ್ಯನು ಗೋಷ್ಠಿಯಲ್ಲಿ ಕೇಳಿದನು, ತಲೆದೂಗಿದನು. ಆದರೆ ಅಂಗಳಕ್ಕೆ ಬಂದಾಗ ಕೇಳಿದ್ದು ಕೈಗೆ ಇಳಿಯಲಿಲ್ಲ. ಕೈ ತನ್ನಷ್ಟಕ್ಕೆ ತಾನು ಹೆಚ್ಚನ್ನು ಬಾಚಿತು. ಕೇಳಿದ ಮಾತಿಗೂ ಮಾಡುವ ಕೈಗೂ ನಡುವೆ ಇರುವ ಈ ಅಂತರವನ್ನು ಕಂಡುಹಿಡಿಯಬಲ್ಲವನು ಮಂಟಪದಲ್ಲಿ ಕುಳಿತವನಲ್ಲ. ಪ್ರತಿದಿನ ತಂದ ಅಕ್ಕಿಯ ಅಳತೆಯನ್ನು ಬಲ್ಲವಳು. ಲಕ್ಕಮ್ಮನು ಅರಿವನ್ನು ನಿರಾಕರಿಸಿದಳೆಂಬುದಕ್ಕಿಂತ, ಅರಿವು ನಿಜವಾಗಿ ಬಂದಿದೆಯೇ ಎಂದು ನೋಡುವ ಸ್ಥಳವನ್ನು ಮಂಟಪದಿಂದ ಮನೆಗೆ ತಂದಳೆಂಬುದು ಹೆಚ್ಚು ಯುಕ್ತ.

ಅವಳ ಮೊದಲ ಎಚ್ಚರಿಕೆಗೂ ಆಗ ಹೊಸ ಅರ್ಥ ಒದಗುತ್ತದೆ. ಒಬ್ಬನು ಕುಳಿತು ಜ್ಞಾನವನ್ನು ಕೇಳುತ್ತಿರುವಾಗ ಅವನ ಪಾಲಿನ ದುಡಿಮೆಯನ್ನು ಇನ್ನಾರೋ ಮಾಡುತ್ತಿರುತ್ತಾರೆ. ಜ್ಞಾನದ ಬಿಡುವಿಗೆ ಬೆಲೆ ತೆರುವವರು ಯಾರೆಂಬ ಈ ಲೆಕ್ಕವನ್ನು ಡ್ರಕ್ಕರನ ಶಿಷ್ಯರು ಅಷ್ಟಾಗಿ ಕೇಳಿಲ್ಲ. ಅವರ ಜ್ಞಾನವು ಸಂಗ್ರಹವಾಗುತ್ತ ಹೋಗುವ ಬಂಡವಾಳ, ಹೆಚ್ಚಿದಷ್ಟೂ ಲಾಭ. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವ ಮಾತು ಅಲ್ಲಿ ಅರ್ಥವಾಗಲಾರದು.

ಪ್ರಸಂಗವು ಇಲ್ಲಿಗೆ ಮುಗಿಯುವುದಿಲ್ಲ. ಲಕ್ಕಮ್ಮನು ಆ ಅಕ್ಕಿಯಿಂದಲೇ ಅಡಿಗೆ ಮಾಡಿ, ಬಸವಣ್ಣನವರನ್ನೂ ಅಸಂಖ್ಯಾತ ಶರಣರನ್ನೂ ಆಹ್ವಾನಿಸಿ ಎಲ್ಲರನ್ನೂ ತೃಪ್ತಿಪಡಿಸುತ್ತಾಳೆ. ಭಕ್ತರಿಗೆ ಈ ಪವಾಡ ಪ್ರಿಯವಾದದ್ದು. ಅದರ ಸಾಂಕೇತಿಕಾರ್ಥವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕೃತಿಯ ಶಿಲ್ಪದ ದೃಷ್ಟಿಯಿಂದ ಸಂಪಾದನಕಾರನು ಇಲ್ಲಿ ಎಡವಿದ್ದಾನೆಂದೇ ಹೇಳಬೇಕು. ಹಿಡಿಯಷ್ಟು ಅಕ್ಕಿ ಎಷ್ಟಕ್ಕೆ ಸಾಕು, ಎಷ್ಟು ಹೆಚ್ಚು ಎಂಬ ನಿಖರವಾದ ಲೆಕ್ಕದ ಮೇಲೆ ನಿಂತ ಪ್ರಸಂಗದಲ್ಲಿ, ಅಕ್ಕಿ ಎಷ್ಟಿದ್ದರೂ ಎಷ್ಟು ಜನರಿಗಾದರೂ ಸಾಕಾದೀತೆಂದ ಮೇಲೆ ಲಕ್ಕಮ್ಮನ ಪ್ರಶ್ನೆಯ ಮೊನೆ ಮೊಂಡಾಗುತ್ತದೆ. ವಚನಗಳಲ್ಲಿ ಸಹಜವಾಗಿ ನಿಂತ ಹೆಣ್ಣುಮಗಳನ್ನು ಗದ್ಯದ ಸೇತುವೆಗಳು ಪವಾಡದ ಎತ್ತರಕ್ಕೆ ಏರಿಸಿ ದೂರ ಮಾಡಿವೆ.

ಅದೃಷ್ಟವಶಾತ್ ಸಂಪಾದನಕಾರನು ಪವಾಡದಲ್ಲಿಯೇ ನಿಂತುಬಿಡುವುದಿಲ್ಲ. ತರುವಾಯ ಮಾರಯ್ಯನು ಪರಮಾರ್ಥದ ನಿಲುಕಡೆಯನ್ನು ಕುರಿತು ಲಕ್ಕಮ್ಮನನ್ನೇ ಕೇಳುತ್ತಾನೆ. ಅವಳು ಬೋಧಿಸುತ್ತಾಳೆ, ಅವನು ತಿಳಿದುಕೊಳ್ಳುತ್ತಾನೆ. ಪ್ರಭುದೇವರ ಮುಂದೆ ಕುಳಿತೆದ್ದವನು ಹೆಂಡತಿಯ ಮುಂದೆ ಮತ್ತೆ ಕಲಿಯಲು ಕುಳಿತನು. ಮೋಳಿಗೆಯ ಮಾರಯ್ಯನ ಪ್ರಸಂಗದಲ್ಲಿಯೂ ಇದೇ ವಿನ್ಯಾಸವಿದೆ. ಕಾಶ್ಮೀರದ ಅರಸುತನವನ್ನು ತ್ಯಜಿಸಿ ಬಂದು ಸೌದೆ ಮಾರುತ್ತಿದ್ದವನಿಗೆ ಕಡೆಯ ಸಂದೇಹವನ್ನು ನೀಗಿಸಿದವಳು ಅವನ ಸತಿ ಮಹಾದೇವಿ. ಒಂದೇ ಗ್ರಂಥದಲ್ಲಿ ಎರಡು ಬಾರಿ ಹೀಗೆ ನಡೆದುದು ಆಕಸ್ಮಿಕವಿರಲಾರದು. ಮಂಟಪದಲ್ಲಿ ತೊಡಗಿದ ಕಲಿಕೆ ಮನೆಯಲ್ಲಿ ಮುಂದುವರಿಯುತ್ತದೆ, ಅಲ್ಲಿ ಗುರುವಿನ ಸ್ಥಾನದಲ್ಲಿ ಯಾರಿದ್ದಾರೆಂಬುದು ಮೊದಲೇ ಗೊತ್ತಾದ ಸಂಗತಿಯಲ್ಲ. ಲಕ್ಕಮ್ಮನ ಹೆಸರಿನಲ್ಲಿ ಸುಮಾರು 25 ವಚನಗಳು ಮಾತ್ರ ದೊರೆತಿವೆ. ಅವಳಿಗೆ ಬರೆಯಲು ಬರುತ್ತಿತ್ತೆಂಬುದಕ್ಕೆ ಆಧಾರವಿಲ್ಲ. 2011ರ ಗಣತಿದಾರನು ಅಮರೇಶ್ವರಕ್ಕೆ ಹೋಗಿ ಅವಳ ಬಾಗಿಲಲ್ಲಿ ನಿಂತಿದ್ದರೆ ಅವಳ ಹೆಸರಿನ ಮುಂದೆ ಯಾವ ಗುರುತು ಹಾಕುತ್ತಿದ್ದನೋ!

ಇಷ್ಟನ್ನು ಹೇಳಿದ ಮೇಲೆ ಒಂದು ಅಪಾಯವನ್ನೂ ಹೇಳಬೇಕು. ಕಾಯಕದ ಹಿರಿಮೆಯ ಮಾತು ದುಡಿಸಿಕೊಳ್ಳುವವರ ಬಾಯಿಗೆ ಬಹಳ ಸಲೀಸಾಗಿ ಬರುತ್ತದೆ. ಹತ್ತಿಯ ಹೊಲಕ್ಕೆ ಹನ್ನೆರಡು ವರ್ಷದ ಹುಡುಗಿಯನ್ನು ಕರೆದೊಯ್ಯುವವನಿಗೆ, ದುಡಿಮೆಯೇ ಪೂಜೆ, ಓದಿ ಏನಾಗಬೇಕು ಎನ್ನುವುದಕ್ಕೆ ಲಕ್ಕಮ್ಮನ ಹೆಸರು ಸಿಕ್ಕಿಬಿಡಬಹುದು. ಈ ದುರ್ವ್ಯಾಖ್ಯಾನಕ್ಕೆ ಗ್ರಂಥದಲ್ಲಿ ಆಸ್ಪದವಿಲ್ಲ. ಮಾರಯ್ಯನ ಕಾಯಕ ಅವನು ತಾನಾಗಿ ಆರಿಸಿಕೊಂಡದ್ದು; ಅದರ ಫಲ ಅವನದೇ ದಾಸೋಹಕ್ಕೆ ಸಲ್ಲತಕ್ಕದ್ದು; ಹೆಚ್ಚಾದುದನ್ನು ಬೇಡವೆನ್ನುವ ಸ್ವಾತಂತ್ರ್ಯ ಆ ಮನೆಗಿತ್ತು. ಕೂಲಿಯ ದರವನ್ನೂ ದಿನದ ಅವಧಿಯನ್ನೂ ಇನ್ನೊಬ್ಬರು ನಿಶ್ಚಯಿಸಿದ ಹೊಲದಲ್ಲಿ, ತನ್ನದಲ್ಲದ ಬೆಳೆಯನ್ನು ಬಿಡಿಸುವ ಮಗುವಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅದನ್ನು ಕಾಯಕವೆಂದು ಕರೆಯುವುದು ಶರಣರ ಪರಿಭಾಷೆಗೆ ಮಾಡುವ ಅಪಚಾರ. ಮಾರಯ್ಯನಿಗೆ ಮಂಟಪದ ಬಾಗಿಲು ತೆರೆದಿತ್ತೆಂಬುದನ್ನೂ ಮರೆಯಲಾಗದು. ಒಳಗೆ ಹೋಗಿ, ಪ್ರಭುದೇವರೊಡನೆ ವಾದ ಮಾಡಿ, ಬಳಿಕ ಅವನು ಅಂಗಳಕ್ಕೆ ಮರಳಿದನು. ಬಾಗಿಲೇ ತೆರೆಯದವರಿಗೆ ಅಂಗಳದ ಮಹಿಮೆಯನ್ನು ಹೇಳುವುದು ಬೇರೆ ಮಾತು.

ಈ ಸೀಮೆಯ ದುಡಿಯುವ ಜನಕ್ಕೆ ಕಲಿಕೆಯ ಬಾಗಿಲು ಎಂದೂ ಪೂರ್ತಿ ಮುಚ್ಚಿರಲಿಲ್ಲವೆಂಬುದೂ ನಿಜ. 1948ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಆ ದಿನಗಳಲ್ಲಿ ಕನ್ನಡದ ಅಕ್ಷರಗಳನ್ನು ಉಳಿಸಿದವರಲ್ಲಿ ಊರೂರಿನ ಐಗಳ ಮಠಗಳಿವೆ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ತೆರೆದ ಹಮ್‌ದರ್ದ್ ಶಾಲೆಯಂಥ ಸಾಹಸಗಳಿವೆ. ಇವುಗಳಿಗಿಂತ ವ್ಯಾಪಕವಾದದ್ದು ಶ್ರಾವಣಮಾಸದ ಪುರಾಣಶ್ರವಣ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು; ಹಗಲೆಲ್ಲ ಕಳೆ ತೆಗೆದು ಬಂದವರು ಕಂಬಕ್ಕೆ ಒರಗಿ ಕುಳಿತು ಚಾಮರಸನ ಪ್ರಭುಲಿಂಗಲೀಲೆಯನ್ನೋ ಭೀಮಕವಿಯ ಬಸವಪುರಾಣವನ್ನೋ ಕೇಳುವರು. ಅಕ್ಷರ ಬಾರದೆಯೂ ಮಾಯಾಕೋಲಾಹಲನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಬಲ್ಲ ಮುದುಕಿಯರು ಈ ಶಾಲೆಯ ವಿದ್ಯಾರ್ಥಿನಿಯರು.

ಆದರೆ ಪುರಾಣಶ್ರವಣದಲ್ಲಿಯೂ ಒಂದು ಕೊರತೆ ಸೇರಿಕೊಂಡಿದೆ. ಕೇಳುವವರು ಕೇಳುತ್ತಲೇ ಇರುತ್ತಾರೆ, ಪ್ರಶ್ನೆ ಮಾಡುವುದಿಲ್ಲ. ಶೂನ್ಯಸಂಪಾದನೆಯಲ್ಲಿ ಎದುರುತ್ತರವಿಲ್ಲದೆ ಒಂದು ಪ್ರಸಂಗವೂ ಮುಂದೆ ಸಾಗುವುದಿಲ್ಲ. ಧ್ವನಿವರ್ಧಕ ಬಂದ ಮೇಲೆ ಪ್ರವಚನಕಾರನ ಮಾತು ದೂರದೂರಕ್ಕೆ ಕೇಳಿಸತೊಡಗಿತು, ಕೇಳುವವರ ಮಾತು ಪಕ್ಕದವರಿಗೂ ಕೇಳಿಸದಾಯಿತು. ಮಠಗಳು ಈ ಶತಮಾನದಲ್ಲಿ ಶಾಲೆ, ಕಾಲೇಜು, ಪ್ರಸಾದನಿಲಯಗಳನ್ನು ನಡೆಸುತ್ತಿರುವುದು ಸ್ತುತ್ಯ. ಅವುಗಳಿಗೆ ಬರುವವರು ಹದಿಹರೆಯದವರು. ನಲವತ್ತು ವರ್ಷದ ಹೆಣ್ಣುಮಗಳು ಸಂಜೆ ಬಂದು, ಕುಳಿತು, ಪ್ರಶ್ನೆ ಕೇಳಬಹುದಾದ ಸ್ಥಳ ಇನ್ನೂ ಅಪರೂಪ.

ಸರಕಾರದ ಯತ್ನಗಳು ಇಲ್ಲದಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಿತು. 2009ರಲ್ಲಿ, ವಯಸ್ಕ ಸ್ತ್ರೀಯರ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳನ್ನೇ ಮುಖ್ಯವಾಗಿ ಗಮನದಲ್ಲಿರಿಸಿ, ಸಾಕ್ಷರ ಭಾರತ ಯೋಜನೆ ಆರಂಭವಾಯಿತು. 2022ರಿಂದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿದೆ. ಹೆಬ್ಬೆಟ್ಟಿನ ಬದಲು ಸಹಿ ಹಾಕುವಷ್ಟಾದರೆ ಗುರಿ ಮುಟ್ಟಿತೆಂಬ ಭಾವನೆ ಇಂಥ ಆಂದೋಲನಗಳನ್ನು ಆಗಾಗ ಕಾಡಿದೆ. ಸಹಿ ಕಲಿತವಳು ಮುಂದೆ ಓದುವುದೇನನ್ನು? ಬಸ್ಸಿನ ಫಲಕ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕುಗಳು ಅವಶ್ಯವಾದವು. ಅವುಗಳ ಆಚೆಗೆ ಅವಳ ಬುದ್ಧಿಯನ್ನು ಗೌರವಿಸುವ ಓದು ಅವಳ ಕೈಗೆ ಬರುವುದು ಕಡಿಮೆ. ವಯಸ್ಕರಿಗಾಗಿ ಬರೆದ ಪುಸ್ತಿಕೆಗಳಲ್ಲಿ ಅನೇಕವು ಅವರನ್ನು ದೊಡ್ಡ ಮಕ್ಕಳೆಂದು ಎಣಿಸಿ, ಶೌಚ ಹಾಗೂ ಉಳಿತಾಯದ ಉಪದೇಶದಲ್ಲಿಯೇ ಮುಗಿಯುತ್ತವೆ.

ಶೂನ್ಯಸಂಪಾದನೆಯ ಸಂಪಾದನೆಗಳು ಈವರೆಗೆ ವಿದ್ವಾಂಸರನ್ನೂ ಸಾಧಕರನ್ನೂ ಉದ್ದೇಶಿಸಿ ಬಂದಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಅದನ್ನು ಇಂಗ್ಲಿಷಿಗೂ ಐದು ಸಂಪುಟಗಳಲ್ಲಿ ತಂದಿದೆ. ಹೊಸದಾಗಿ ಅಕ್ಷರ ಕೂಡಿಸಿ ಓದುವವರಿಗಾಗಿ ಆಯ್ದಕ್ಕಿ ದಂಪತಿಗಳ ಪ್ರಸಂಗವೊಂದನ್ನೇ ಪ್ರತ್ಯೇಕಿಸಿ, ದಪ್ಪ ಅಕ್ಷರಗಳಲ್ಲಿ, ಪವಾಡದ ಭಾಗವನ್ನು ಮೊಟಕುಗೊಳಿಸಿ ಅಚ್ಚು ಹಾಕಿಸುವುದು ಯಾವುದೇ ಮಠಕ್ಕೆ ಭಾರವಾದ ಕೆಲಸವಲ್ಲ. ಲಕ್ಕಮ್ಮನ ಮಾತು ಕಠಿಣವಾದದ್ದಲ್ಲ. ಅವಳ ಕಥೆಗೆ ಬೇಕಾದ ಮನ, ಆಸೆ, ಅಂಗಳ ಎಂಬ ಪದಗಳಲ್ಲಿ ಒತ್ತಕ್ಷರವೇ ಇಲ್ಲ, ಅಕ್ಕಿಯಲ್ಲಿ ಒಂದೇ ಇದೆ. ಮಾನ್ವಿಯ ಗದ್ದೆಯಲ್ಲಿ ಭತ್ತದ ಸಸಿ ನಾಟಿ ಮಾಡಿ ಬಂದವಳಿಗೆ, ದೇವದುರ್ಗದ ಹೊಲದಲ್ಲಿ ಹತ್ತಿ ಬಿಡಿಸಿ ಬಂದವಳಿಗೆ ಆ ಪದಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ, ಹೆಚ್ಚಿನ ಅಕ್ಕಿಯನ್ನು ಮಾರಯ್ಯನು ಹಿಂದಕ್ಕೆ ಸುರಿದದ್ದು ಸರಿಯೇ ಎಂದು ಅವರಲ್ಲಿ ಒಬ್ಬಳಾದರೂ ಜಗಳ ತೆಗೆಯುವಳು. ಮನೆಯಲ್ಲಿ ನಾಳೆಗೆ ಅಕ್ಕಿಯಿಲ್ಲದವಳಿಗೆ ಆ ಜಗಳಕ್ಕೆ ಕಾರಣವೂ ಇದೆ. ಶೂನ್ಯಸಂಪಾದನೆಯ ವ್ಯಾಖ್ಯಾನಕಾರರಲ್ಲಿ ಆ ಪ್ರಶ್ನೆಯನ್ನು ಆ ದನಿಯಲ್ಲಿ ಇದುವರೆಗೆ ಕೇಳಿದವರಿಲ್ಲ.